ಮೇಷ್ಟ್ರ ಮನೆಗೆ ಹೋಗಿ ಬಾ

ತೀರ್ಥಹಳ್ಳಿ
ಡಿಸೆಂಬರ್ 12

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. ಎದುರು ಮನೆ ಮೇಷ್ಟ್ರ ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತಿದ್ದ ನೀನು, ಪಕ್ಕದವರು ಹಪ್ಪಳ ಮುರಿದ ಸದ್ದಿಗೆ ಎದ್ದು ಹೊರಟೇಬಿಟ್ಟೆಯಂತೆ. ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಬಂದು ಕೋಣೆ ಬಾಗಿಲು ಹಾಕಿಕೊಂಡೆಯಂತೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ. ನನಗೆ ಕೇಳಿದ ಕೂಡಲೇ ತಿಳಿಯಿತು. ಹೃದಯ ನಿಂತು ಬಿದ್ದ ಮೇಷ್ಟ್ರನ್ನು ಉಳಿಸಲು ಅವರ ಎದೆ ಒತ್ತಿದವನು ನೀನಲ್ಲವೇ. 34 ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಎದೆ ಒತ್ತುವಾಗ ಅಂಗೈ ಕೆಳಗೆ ಪಕ್ಕೆಲುಬು ಮುರಿಯುವುದು ಹೇಗಿರುತ್ತದೆಂದು ಬಲ್ಲೆ. ಅದು ಕಿವಿಗಿಂತ ಮೊದಲು ಕೈಗೆ ಕೇಳುತ್ತದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನೀನು "ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಿದ್ದೆ ಬಾರದ ಹೊತ್ತಿನಲ್ಲಿ ತೆಗೆದು ಇನ್ನೊಮ್ಮೆ ಓದಬಹುದು.

ಪಕ್ಕೆಲುಬಿನ ಮಾತು ಮೊದಲು. ನಿಮ್ಮ ಬೀದಿಯಲ್ಲಿ ಯಾರೋ "ಹುಡುಗ ಎದೆಗೂಡೇ ಮುರಿದುಬಿಟ್ಟ" ಅಂದರಂತೆ. ದೊಡ್ಡವರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಇಲ್ಲದಿದ್ದರೆ ರಕ್ತ ಮೆದುಳಿಗೆ ಏರುವುದಿಲ್ಲ. 71 ವರ್ಷದವರ ಮೂಳೆ ಅಷ್ಟು ಆಳಕ್ಕೆ ಬಾಗುವುದಿಲ್ಲ, ಮುರಿಯುತ್ತದೆ. ನನ್ನ ಕೈಯಲ್ಲೂ ಮುರಿದಿದೆ, ನನಗಿಂತ ನುರಿತ ಡಾಕ್ಟರುಗಳ ಕೈಯಲ್ಲೂ ಮುರಿದಿದೆ. ಮುರಿದ ಪಕ್ಕೆಲುಬು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ನಿಂತ ಹೃದಯ ತಾನಾಗಿ ಹೊರಡುವುದಿಲ್ಲ. ಆ ಸದ್ದು ಕೇಳಿದ ಮೇಲೂ ಕೈ ತೆಗೆಯದೆ ಒತ್ತುತ್ತಲೇ ಇದ್ದೆಯಲ್ಲ, ಅದು ಎಷ್ಟು ಕಷ್ಟವೆಂದು ಆ ಮಾತಾಡಿದವರಿಗೆ ಗೊತ್ತಿಲ್ಲ. ಹೊಸದಾಗಿ ಡ್ಯೂಟಿಗೆ ಬಂದ ಹುಡುಗಿಯರು ಮೊದಲ ಸಲ ಅದನ್ನು ಕೇಳಿ ಹಿಂದೆ ಸರಿದುಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಬ್ಬರು "ಸೀದಾ ಕಾರಿಗೆ ಹಾಕ್ಕೊಂಡು ಹೋಗಿದ್ರೆ ಉಳೀತಿದ್ರು" ಅಂದರಂತೆ. ಅದಕ್ಕೆ ಉತ್ತರ ನನ್ನ ಜೀವನದಲ್ಲೇ ಇದೆ, ಮುಂದೆ ಹೇಳುತ್ತೇನೆ. ನೀರು ಕುಡಿಸಲು ಬಂದವರನ್ನು ನೀನು ತಡೆದದ್ದು ಸರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲಿಲ್ಲವೆಂದೂ ಕೊರಗುತ್ತಿದ್ದೀಯಂತೆ. ನೀರಿಗೆ ಬಿದ್ದವರಿಗೆ, ಮಕ್ಕಳಿಗೆ ಅದು ಬೇಕು. ನಿಂತಲ್ಲೇ ಕುಸಿದ ದೊಡ್ಡವರಿಗೆ ಎದೆ ಒತ್ತುವುದಷ್ಟೇ ಸಾಕೆಂದು ಈಗ ನಮ್ಮ ದೇಶದಲ್ಲೂ ಸಾಮಾನ್ಯ ಜನಕ್ಕೆ ಕಲಿಸುತ್ತಾರೆ. ಅದನ್ನು ಬಿಟ್ಟುಬಿಡು.

ಬಿಡಲಾಗದ್ದು ಆ ಎರಡು ನಿಮಿಷ, ಅಲ್ಲವೇ?

ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಗೇಟಿನ ಬಳಿ ಬಿದ್ದರು, ನೀನು ಓಡಿಹೋದಾಗ ಗೊರ ಗೊರ ಎಂದು ಉಸಿರು ಬರುತ್ತಿತ್ತು, ಉಸಿರಿದೆಯಲ್ಲ ಎಂದು ಪಕ್ಕಕ್ಕೆ ಮಗ್ಗುಲಾಗಿಸಿ ಕಾದೆ, ಅದು ಉಸಿರಲ್ಲವೆಂದು ಆಮೇಲೆ ಹೊಳೆಯಿತು. ಇದನ್ನು ನಿನ್ನಮ್ಮನಿಗೆ ಹತ್ತು ಸಲ ಹೇಳಿದ್ದೀಯಂತೆ. ಪುಟ್ಟಾ, ಆ ಎರಡು ನಿಮಿಷಕ್ಕೆ ಬೆಲೆಯೇ ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ ಎಂದೇ ನಾವು ಕಲಿತದ್ದು. ನೀನೂ ಅದನ್ನು ಮೊಬೈಲಿನಲ್ಲಿ ಓದಿಯೇ ಇರುತ್ತೀಯ. ಆದರೆ ಆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡು. ಆಂಬುಲೆನ್ಸ್ ಬರಲು 19 ನಿಮಿಷ ಆಯಿತು. ಕರೆಂಟ್ ಶಾಕ್ ಕೊಡುವ ಯಂತ್ರ ಬಂದದ್ದೂ ಆಗಲೇ. ಉಳಿದ 17 ನಿಮಿಷ ನೀನೊಬ್ಬನೇ ಒತ್ತಿದೆ. ನಿಮಿಷಕ್ಕೆ 110ರಂತೆ ಹಿಡಿದರೂ 1,800ಕ್ಕೂ ಹೆಚ್ಚು ಸಲ. ಆಸ್ಪತ್ರೆಯಲ್ಲಿ ಎರಡೆರಡು ನಿಮಿಷಕ್ಕೆ ಕೈ ಬದಲಿಸುತ್ತೇವೆ, ಯಾಕೆಂದರೆ ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರಿಂದ ಅದೇ ಆಳಕ್ಕೆ ಒತ್ತಲು ಆಗುವುದಿಲ್ಲ. ಸುತ್ತ ನಿಂತ ಎಂಟು ಹತ್ತು ಜನರಲ್ಲಿ ಕೈ ಕೊಡಬಲ್ಲವರು ಒಬ್ಬರೂ ಇರಲಿಲ್ಲ. ಅದು ನಿನ್ನ ತಪ್ಪಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಎದೆ ಒತ್ತುವುದರಿಂದ ಹರಿಯುವ ರಕ್ತ, ಹೃದಯ ತಾನೇ ಬಡಿಯುವಾಗ ಹರಿಯುವುದರ ಮೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಯಂತ್ರ ಬರುವ ತನಕ ಬಾಗಿಲು ಮುಚ್ಚದಂತೆ ಕಾಲು ಕೊಟ್ಟು ನಿಲ್ಲುವ ಕೆಲಸ ಅದು. ನೀನು 17 ನಿಮಿಷ ನಿಂತೆ.

ಆ ಗೊರಗೊರ ಉಸಿರಿಗೆ ನಮ್ಮ ಕಡೆ ಮೇಲುಸಿರು ಅನ್ನುತ್ತಾರೆ. ಅದು ತರಬೇತಿ ಪಡೆದವರನ್ನೂ ಮೋಸ ಮಾಡುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದಾಗ ಇಡೀ ನಾಡೇ ಎದೆ ಮುಟ್ಟಿ ನೋಡಿಕೊಂಡಿತಲ್ಲ, ಆಮೇಲೆ ನಿನ್ನ ಆಫೀಸಿನಲ್ಲೂ ಒಂದು ದಿನದ ತರಬೇತಿ ಕೊಟ್ಟರೆಂದು ನೀನೇ ಹೇಳಿದ್ದೆ. ಅಲ್ಲಿ ಒತ್ತಿದ್ದು ಗೊಂಬೆಯನ್ನು. ಗೊಂಬೆ ಮೇಲುಸಿರು ಬಿಡುವುದಿಲ್ಲ. ಗೊಂಬೆಯ ಹೆಂಡತಿ ಬಾಗಿಲಲ್ಲಿ ನಿಂತು ಕೂಗುವುದಿಲ್ಲ. ಗೊಂಬೆ ನಿನಗೆ ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಹೇಳಿಕೊಟ್ಟಿರಲಿಲ್ಲ.

ಗುರುತಿನವರಿಗೆ ಮಾಡುವುದೇ ಬೇರೆ. ಆಸ್ಪತ್ರೆಯಲ್ಲಿ ನನ್ನ ಕೈ ಕೆಳಗೆ ತೀರಿಕೊಂಡವರ ಹೆಸರು ಎಷ್ಟೋ ಸಲ ನನಗೆ ಕೇಸ್ ಶೀಟ್ ಬರೆಯುವಾಗಲೇ ಗೊತ್ತಾಗುತ್ತಿತ್ತು. ಡ್ಯೂಟಿ ಮುಗಿದು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಆ ಮನೆಯ ದುಃಖ ಆ ಮನೆಗೆ, ನನ್ನ ಅಡುಗೆ ನನಗೆ. ನಿನಗೆ ಹಾಗಿಲ್ಲ. ಎದುರು ಮನೆ. ಬೆಳಿಗ್ಗೆ ಎದ್ದರೆ ಅದೇ ಗೇಟು. ಆಫೀಸಿಗೆ ಈಗ ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತೀಯಂತೆ. ಮೇಷ್ಟ್ರ ಮನೆಯವರು ರಂಗೋಲಿ ಇಲ್ಲದ ಅಂಗಳಕ್ಕೆ ನೀರು ಹಾಕುವ ಹೊತ್ತು ತಪ್ಪಿಸಿ ಹೊರಡುತ್ತೀಯಂತೆ. ನಾನು ಕಾಗದಕ್ಕೆ ಕೂತದ್ದೇ ಈ ಮಾತು ಕೇಳಿ.

ನಿನಗೆ ಹೇಳದ ಒಂದು ವಿಷಯವಿದೆ. ನನ್ನ ಮೈದುನ, ನಿನ್ನ ಚಿಕ್ಕಮ್ಮನ ಯಜಮಾನರು, ಹೋದದ್ದು ಹೃದಯಾಘಾತದಿಂದ ಎಂದಷ್ಟೇ ನಿಮಗೆಲ್ಲ ಗೊತ್ತು. 1996ರ ಅಡಿಕೆ ಸುಗ್ಗಿ. ರಾತ್ರಿ ಹತ್ತರ ಹೊತ್ತಿಗೆ ಅಂಗಳದಲ್ಲಿ ಹದಿನೈದು ಜನ ಸುಲಿಯುತ್ತಾ ಕೂತಿದ್ದಾರೆ. ಮೆಟ್ಟುಗತ್ತಿಯ ಮುಂದೆ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಆಗ 108 ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಪಕ್ಕದ ಮನೆಯ ಜೀಪು ಬಂತು. ಆಸ್ಪತ್ರೆಗೆ 22 ಕಿಲೋಮೀಟರ್, ಅದರಲ್ಲಿ ಅರ್ಧ ಮಣ್ಣು ರಸ್ತೆ. ಜೀಪಿನ ಹಿಂದೆ ಮೊಣಕಾಲೂರಿ ಎದೆ ಒತ್ತಿದೆ. ಗುಂಡಿ ಬಂದಾಗಲೆಲ್ಲ ನಾನೇ ಅವನ ಮೇಲೆ ಬೀಳುತ್ತಿದ್ದೆ. ಒತ್ತಿದ್ದರಲ್ಲಿ ಅರ್ಧ ಗಾಳಿಗೆ ಹೋಯಿತು. ಕಾರಿಗೆ ಹಾಕಿಕೊಂಡು ಹೋಗಬೇಕಿತ್ತು ಎಂದವರಿಗೆ ಇದೇ ನನ್ನ ಉತ್ತರ: ಓಡುವ ಗಾಡಿಯ ಹಿಂದಿನ ಸೀಟಿನಲ್ಲಿ ನಿಂತ ಹೃದಯವನ್ನು ನಡೆಸಲು ಆಗುವುದಿಲ್ಲ. ಗಟ್ಟಿ ನೆಲ ಬೇಕು. ನಿನಗೆ ಗೇಟಿನ ಮುಂದೆ ಸಿಮೆಂಟ್ ನೆಲ ಸಿಕ್ಕಿತು, ಅಲ್ಲೇ ಉಳಿದೆ, 108ಕ್ಕೆ ಫೋನ್ ಮಾಡಿಸಿದೆ. ನನಗೆ ಆ ರಾತ್ರಿ ಅದು ಸಿಗಲಿಲ್ಲ.

ಅವನು ದಾರಿಯಲ್ಲೇ ಹೋಗಿದ್ದ. ಆಮೇಲೆ ನಾನು ಮಾಡಿದ್ದೇ ದೊಡ್ಡ ತಪ್ಪು. ಓರಗಿತ್ತಿಯ ಮುಖ ನೋಡುವುದನ್ನು ಬಿಟ್ಟೆ. ಒಂದೇ ಮನೆ, ಒಂದೇ ಒಲೆ. ಅವಳು ಅಡುಗೆಮನೆಗೆ ಬಂದರೆ ನಾನು ಹಿತ್ತಿಲಿಗೆ. ನೈಟ್ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ನರ್ಸ್ ಆಗಿದ್ದೂ ಮನೆಯವನನ್ನೇ ಉಳಿಸಲಿಲ್ಲ ಎಂದು ಅವಳು ಎಣಿಸುತ್ತಿರಬಹುದು ಎಂದು ನಾನೇ ಎಣಿಸಿಕೊಂಡೆ. ಒಂದೂವರೆ ವರ್ಷ ಹೀಗೆ ಕಳೆಯಿತು. ಒಂದು ದಿನ ಬಚ್ಚಲ ಒಲೆಯ ಮುಂದೆ ಇಬ್ಬರೇ ಸಿಕ್ಕಿಕೊಂಡಾಗ ಅವಳೇ ಕೇಳಿದಳು: "ಅಕ್ಕಾ, ಕೊನೆಗೆ ಅವರ ಹತ್ತಿರ ಇದ್ದವಳು ನೀನೊಬ್ಬಳೇ. ಏನೋ ಹೇಳೋಕೆ ಒದ್ದಾಡ್ತಿದ್ರಲ್ಲ, ಏನು ಹೇಳಿದ್ರು?"

ಅವಳ ಕಿವಿಗೆ ಬಿದ್ದಿದ್ದದ್ದು ಮೇಲುಸಿರು. ಅಂಗಳದಲ್ಲಿ, ಜೀಪು ಹತ್ತಿಸುವಾಗ. ಗಂಡ ತನಗೇನೋ ಹೇಳಲು ಹೋಗಿ ಆಗದೆ ನೋವಿನಿಂದ ಒದ್ದಾಡಿದ ಎಂದು ತಿಳಿದು ಒಂದೂವರೆ ವರ್ಷ ರಾತ್ರಿ ಹಗಲು ಅದನ್ನೇ ಕೇಳಿಸಿಕೊಂಡಿದ್ದಳು. ಹೃದಯ ನಿಂತ ಹತ್ತು ಹದಿನೈದು ಸೆಕೆಂಡಿಗೆ ಪ್ರಜ್ಞೆ ಹೋಗುತ್ತದೆ, ಆಮೇಲಿನ ಆ ಸದ್ದು ಮೆದುಳಿನ ಬುಡದಿಂದ ತಾನಾಗಿ ಬರುವಂಥದ್ದು, ಅದು ಮಾತಲ್ಲ, ನೋವೂ ಅಲ್ಲ ಎಂದು ಹೇಳಲು ನನಗೆ ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷದ ಮಾತನ್ನು ನಾನು ಒಂದೂವರೆ ವರ್ಷ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಅವಳು ಅಂದು ಅತ್ತಂತೆ ಹನ್ನೊಂದನೇ ದಿನವೂ ಅತ್ತಿರಲಿಲ್ಲ.

ಮೇಷ್ಟ್ರ ಮನೆಯವರೂ ಆ ಸದ್ದನ್ನು ಕೇಳಿಸಿಕೊಂಡಿದ್ದಾರೆ. ಮೊದಲು ಮೇಷ್ಟ್ರ ತಲೆ ಹಿಡಿದುಕೊಂಡು ಕೂತಿದ್ದವರು ಅವರೇ. ನೀನು ಎದೆ ಒತ್ತುವಾಗ ಮೇಷ್ಟ್ರಿಗೆ ನೋವಾಯಿತೇ ಎಂದು ಅವರಿಗೆ ಅನ್ನಿಸದಿರುತ್ತದೆಯೇ? ಅದಕ್ಕೆ ಉತ್ತರ ಹೇಳಬಲ್ಲವನು ಆ ಬೀದಿಯಲ್ಲಿ ನೀನೊಬ್ಬನೇ. ನೀನು ಹಿಂದಿನ ಬೀದಿಯಿಂದ ಹೋದರೆ, ಹುಡುಗ ಏನನ್ನೋ ಬಚ್ಚಿಡುತ್ತಿದ್ದಾನೆ ಎಂದೂ ಅವರಿಗೆ ಅನ್ನಿಸಬಹುದು. ಹೋಗು. ಕ್ಷಮೆ ಕೇಳಲು ಹೋಗಬೇಡ, ಅದು ಅವರ ಮೇಲೆ ಇನ್ನೊಂದು ಭಾರ. ನಿನ್ನನ್ನು ಸಮಾಧಾನ ಮಾಡುವ ಕೆಲಸ ಅವರಿಗೆ ಬೀಳುತ್ತದೆ. ಸುಮ್ಮನೆ ಕೂತುಕೋ. ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳು. ಎರಡು ನಿಮಿಷದ್ದನ್ನು ಕೇಳಿದರೆ ಅದನ್ನೂ ಹೇಳು. ಕೇಳದಿದ್ದರೆ ಪೆನ್ಷನ್ ಕಾಗದ, ಬ್ಯಾಂಕು, ಗ್ಯಾಸ್ ಬುಕ್ಕಿಂಗ್, ಯಾವುದಾದರೂ ಉಳಿದಿದೆಯೇ ವಿಚಾರಿಸು. ಮಕ್ಕಳು ದೂರದಲ್ಲಿರುವ ಮನೆ ಅದು.

ನಿನ್ನ ಮೈಯನ್ನೂ ನೋಡಿಕೋ. ಇವತ್ತಿಗೆ 22 ದಿನ. ಕಣ್ಣು ಮುಚ್ಚಿದರೆ ಗೇಟು ಕಾಣುವುದು, ಸಣ್ಣ ಸದ್ದಿಗೆ ಬೆಚ್ಚುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಮ್ಮನ ಮೇಲೆ ರೇಗುವುದು, ಇವು ಮೊದಲ ವಾರಗಳಲ್ಲಿ ಬಂದೇ ಬರುತ್ತವೆ, ಹೆಚ್ಚಿನವರಿಗೆ ತಾವಾಗಿ ಇಳಿಯುತ್ತವೆ. ರಾತ್ರಿ ಹೊತ್ತು ಎದೆ ಒತ್ತುವ ಸಿಪಿಆರ್ ವಿಡಿಯೋ ನೋಡಿ ನಿನ್ನ ತಪ್ಪು ಹುಡುಕುವುದನ್ನು ಇವತ್ತೇ ನಿಲ್ಲಿಸು. ನಿದ್ದೆಗೆಂದು ಸ್ನೇಹಿತರ ಜೊತೆ ಕುಡಿಯಲು ಕೂರಬೇಡ. ಆಸ್ಪತ್ರೆಯ ಕೆಲಸದವರಲ್ಲಿ ಆ ದಾರಿ ಹಿಡಿದು ಹಾಳಾದವರನ್ನು ನೋಡಿದ್ದೇನೆ. ಒಂದು ತಿಂಗಳು ದಾಟಿದ ಮೇಲೂ ಹೀಗೇ ಇದ್ದರೆ, ಅಥವಾ ಅದಕ್ಕೆ ಮೊದಲೇ ಬದುಕು ಬೇಡ ಎನ್ನಿಸಿದರೆ, ಮನೋವೈದ್ಯರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಎಂದು ಸರ್ಕಾರದ್ದೇ ಒಂದು ನಂಬರಿದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬರೆದಿಟ್ಟುಕೋ. ಕೈ ಮುರಿದರೆ ಮೂಳೆ ಡಾಕ್ಟರ ಹತ್ತಿರ ಹೋಗಲು ನಾಚಿಕೊಳ್ಳುತ್ತೇವೆಯೇ?

ತರಬೇತಿಯೊಂದರಲ್ಲಿ ಅರಿವಳಿಕೆಯ ಡಾಕ್ಟರೊಬ್ಬರು ಪೀಟರ್ ಸಫಾರ್ ಎಂಬುವರ ವಿಷಯ ಹೇಳಿದ್ದರು. ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಸೇರಿಸಿ ಜಗತ್ತಿಗೆ ಸಿಪಿಆರ್ ಕಲಿಸಿದವರಲ್ಲಿ ಅವರು ಮುಖ್ಯರು. 1966ರಲ್ಲಿ ಅವರ ಸ್ವಂತ ಮಗಳು, 11 ವರ್ಷದವಳು, ಆಸ್ತಮಾ ಜೋರಾಗಿ ತೀರಿಕೊಂಡಳು. ಹೃದಯ ಮತ್ತೆ ಬಡಿಯಿತು, ಮೆದುಳು ಮರಳಲಿಲ್ಲ. ಮರುವರ್ಷವೇ ಅವರು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬಡ ಕಪ್ಪು ಯುವಕರಿಗೆ ತರಬೇತಿ ಕೊಟ್ಟು ಆಂಬುಲೆನ್ಸ್ ಸೇವೆ ಕಟ್ಟಲು ಕೈಹಾಕಿದರು. ಕೇಳಿದ ದಿನ ನಾನು ಊಟದ ವಿರಾಮದಲ್ಲಿ ಹೊರಗೆ ಹೋಗಿ ಅತ್ತೆ. ಆ ವಿದ್ಯೆಯನ್ನು ಕಟ್ಟಿದವರಿಗೇ ಮಗಳು ಉಳಿಯಲಿಲ್ಲ. ಮುಂದೆ ನಿನಗೆ ಮನಸ್ಸಾದಾಗ ನಿಮ್ಮ ಬೀದಿಯ ನಾಲ್ಕು ಜನಕ್ಕೆ ಎದೆ ಒತ್ತುವುದನ್ನು ಕಲಿಸು, ಎರಡು ನಿಮಿಷಕ್ಕೆ ಕೈ ಬದಲಿಸಲು ಜನ ಇರಲಿ. ಈಗಲೇ ಅಲ್ಲ. ಮೇಲುಸಿರು ಎಂದರೇನೆಂದು ಮರೆಯದೆ ಹೇಳು.

ಇದನ್ನು ಬರೆಯುವಾಗ ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ಕೂತು ಅಡಿಕೆ ಆರಿಸುತ್ತಿದ್ದಾಳೆ. ಅವಳ ವಿಷಯ ಬರೆಯುವುದಕ್ಕೆ ಅವಳನ್ನು ಕೇಳಿದ್ದೇನೆ, ಬರೆದದ್ದನ್ನು ಓದಿಯೂ ಹೇಳಿದೆ. ಆಫೀಸಿಗೆ ಹೋಗುವ ಮೊದಲು ಬೆಳಿಗ್ಗೆಯೇ ಹೋಗಿ ಬಾ ಎಂದು ಬರೆದಿದ್ದೆ, ಅವಳು ಹೊಡೆದುಹಾಕಿಸಿದಳು. "ಬೆಳಿಗ್ಗೆ ಬೇಡ ಅನ್ನು ಅಕ್ಕಾ. ಬೆಳಿಗ್ಗೆ ಹೇಗೋ ಕೆಲಸದಲ್ಲಿ ಕಳೆಯುತ್ತೆ. ದೀಪ ಹಚ್ಚೋ ಹೊತ್ತಿಗೆ ಹೋಗಲಿ. ಮನೆಯೊಳಗೆ ಇನ್ನೊಬ್ಬರ ಕೆಮ್ಮು ಕೇಳಿದರೂ ಸಾಕು ಅನ್ನಿಸೋದು ಆಗ."

ಹಾಗಾದರೆ ಸಂಜೆ ಹೋಗು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ