ಭಜನೆ ಮಂದಿರದ ತಾರಸಿ: ಬಸವನಗುಡಿಯ ಬಂಧುಗಳಲ್ಲಿ ಮನವಿ

ಆತ್ಮೀಯ ಭಕ್ತರೇ, ನೆರೆಹೊರೆಯವರೇ,

ನಮ್ಮ ಮಂದಿರದ ಪರಿಚಯ ನಿಮಗೆ ಹೊಸದಾಗಿ ಹೇಳಬೇಕಿಲ್ಲ. 1898ರ ಪ್ಲೇಗಿಗೆ ಬೆಂಗಳೂರು ಪೇಟೆ ತತ್ತರಿಸಿದ ಮೇಲೆ, ಗಾಳಿ ಬೆಳಕಿಗೆ ಜಾಗ ಬಿಟ್ಟು ಬೆಳೆಸಿದ ಬಡಾವಣೆ ನಮ್ಮದು. ಆ ಕಾಲದ ಸುಣ್ಣದ ಗಾರೆ, ತೇಗದ ತೊಲೆಯ ಕಟ್ಟಡಗಳು ಈಗ ಬೀದಿಗೊಂದು ಉಳಿದರೆ ಹೆಚ್ಚು. ಶನಿವಾರದ ಭಜನೆ, ರಾಮನವಮಿಯ ಪಾನಕ ಕೋಸಂಬರಿ, ಮಕ್ಕಳಿಗೆ ಉಚಿತ ಸಂಗೀತಪಾಠ ಎಲ್ಲವೂ ತಲೆಮಾರುಗಳಿಂದ ಇಲ್ಲಿ ನಡೆದುಬಂದಿವೆ. ಈ ಮಳೆಗಾಲದಲ್ಲಿ ಮಾತ್ರ ತಾರಸಿ ಸೋರಿ ದೇವರ ಪಟಗಳನ್ನು ಪಕ್ಕದ ಮನೆಗೆ ಸಾಗಿಸಬೇಕಾಯಿತು.

ತಾರಸಿಯ ಮೇಲೆ ಬಳಿದಿದ್ದ ಸಿಮೆಂಟು ಬಿಸಿಲಿಗೆ ಬಿರುಕು ಬಿಟ್ಟು, ಇಳಿದ ನೀರು ಆರಲು ದಾರಿಯಿಲ್ಲದೆ ಕೆಳಗಿನ ಗಾರೆಯಲ್ಲೇ ನಿಂತಿತು. ತೊಲೆಗಳ ನಡುಭಾಗ ಇನ್ನೂ ಗಟ್ಟಿಯಾಗಿದೆ. ಗೋಡೆಯೊಳಗಿನ ತುದಿಗಳು ಬೆರಳಿಟ್ಟರೆ ಪುಡಿಯಾಗುತ್ತಿವೆ.

ಬೀದಿಯವರ ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತಾಗಿರಲಿಲ್ಲ. ಕೆಡವಿ ಆರ್‌ಸಿಸಿ ಹಾಕಿ ಎಂದವರು ಹಳೇ ಮನೆ ನಿಭಾಯಿಸುವ ಖರ್ಚು ಬಲ್ಲವರೇ. ಆದರೆ ಮಕ್ಕಳು ಪರದೇಶದಲ್ಲಿರುವ ಹಿರಿಯರಿಗೆ, ಸಂಜೆ ನಾಲ್ಕು ಜನ ಮಾತಿಗೆ ಸಿಗುವ ಜಗಲಿ ಇದೊಂದೇ. ಬಾಡಿಗೆಗೆ ಬಂದ ಹೊಸಬರೂ ಉಳಿಸಿಕೊಳ್ಳೋಣ ಎಂದರು. ಹಾಗೇ ತೀರ್ಮಾನವಾಯಿತು.

ಕೆಲಸ ಇಷ್ಟು: ಸಿಮೆಂಟು ಕಿತ್ತು, ಕೊಳೆತ ತೊಲೆ ಬದಲಿಸಿ, ತುದಿಯ ಸುತ್ತ ಬೆರಳಗಲ ಗಾಳಿಗೆ ಸಂದು ಬಿಡಬೇಕು. ತೊಲೆಗಳ ಮೇಲೆ ಒಂದಂಗುಲ ದಪ್ಪದ ತಾರಸಿ ಇಟ್ಟಿಗೆಯನ್ನು ಓರೆಯಾಗಿ, ಮಗ್ಗುಲಲ್ಲಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟುವುದು. ಮೇಲೆ ಮೂರಂಗುಲ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ ಹಾಸಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಬಡಿಗೆ ಪುಟಿಯುವಷ್ಟು ಗಟ್ಟಿಯಾಗುವವರೆಗೆ ದಿನಗಟ್ಟಲೆ ಬಡಿಯಬೇಕು. ಈ ಬಡಿತದಲ್ಲಿ ಅವಸರ ಮಾಡಿದರೆ ಮೊದಲ ಮಳೆಗೇ ಸೋರುತ್ತದೆ. ನೀರು ಹರಿದುಹೋಗಲು ಹತ್ತು ಅಡಿಗೆ ಎರಡಂಗುಲ ವಾಟ ಕೊಟ್ಟು, ಕೊನೆಗೆ ಚಪ್ಪಟೆ ಹೆಂಚು ಹಾಸುವುದು.

ಆರುನೂರು ಚದರಡಿಗೆ ಮರವೂ ಸೇರಿ ಹದಿನೈದು ಲಕ್ಷದ ಆಸುಪಾಸು ಬೀಳುತ್ತದೆ. ಸುಣ್ಣ ಕನಿಷ್ಠ ಹದಿನೈದು ದಿನ ಗುಂಡಿಯಲ್ಲಿ ನೆನೆಯಬೇಕು, ಯುಗಾದಿಯೊಳಗೆ ತಾರಸಿ ಮುಗಿದರೆ ಮಾತ್ರ ರಾಮನವಮಿ ಮಂದಿರದ ಒಳಗೆ ನಡೆದೀತು. ಹಾಗಾಗಿ ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಯ ಹೊತ್ತಿಗೆ ಅರ್ಧದಷ್ಟಾದರೂ ಹಣ ಕೂಡಬೇಕು. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ಲೆಕ್ಕಪತ್ರ ಮಂದಿರದ ಫಲಕದಲ್ಲಿ ಹಾಕುತ್ತೇವೆ.

ಹಳೇ ಮನೆ ಕೆಡವಿಸುತ್ತಿರುವವರು ತೇಗದ ತೊಲೆ, ತಾರಸಿ ಇಟ್ಟಿಗೆ ಕೊಟ್ಟರೂ ದೊಡ್ಡ ಉಪಕಾರ. ದಯವಿಟ್ಟು ಜೆಸಿಬಿ ಬರುವ ಮೊದಲೇ ತಿಳಿಸಿ. ನಮ್ಮ ಗಾರೆಯವರೇ ಬಂದು ಜೋಪಾನವಾಗಿ ಬಿಡಿಸಿಕೊಂಡು ಹೋಗುತ್ತಾರೆ.

ಇಂತಿ,
ಮಂದಿರದ ಧರ್ಮದರ್ಶಿಗಳು