ಬೇಡ ಅಂದವಳು ನಾನು

ಸೋಮವಾರಪೇಟೆ
ಮಂಗಳವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಕಡುಬಿನ ತಟ್ಟೆ ಮುಟ್ಟದೆ ಬಸ್ ಹತ್ತಿದೆ. ಆದ ಜಗಳವನ್ನು ಮತ್ತೆ ಬರೆಯೋದಿಲ್ಲ. ಹೊಸ್ತಿಲು ದಾಟುವಾಗ ನೀನಂದ ಒಂದೇ ಮಾತು ನನ್ನನ್ನು ಮಲಗಲು ಬಿಡ್ತಿಲ್ಲ. 'ಆ ರಿಪೇರಿಯವನು ತಾತನ ವಾಚಿನ ಮೇಲಿದ್ದ, ಅದನ್ನು ಮಾರಿದ ಅಂಗಡಿಯ ಹೆಸರು ಅಳಿಸದೇ ಇದ್ದಿದ್ದರೆ ನಾನ್ಯಾಕೆ ಮುಂಬೈಯಲ್ಲಿ ಅಂಥದ್ದೇ ಇನ್ನೊಂದಕ್ಕೆ ಅಲೆಯಬೇಕಿತ್ತು' ಅಂದೆ.

ಅವನು ತಾನಾಗಿ ಅಳಿಸಲಿಲ್ಲ ಮಗಳೇ. ನನ್ನನ್ನು ಕೇಳಿದ. ಬೇಡ ಅಂದವಳು ನಾನು.

ನಿನ್ನ ಪಿಯುಸಿ ರಿಸಲ್ಟ್ ಬಂದ ವಾರ ಅದು. ಒಲೆ ಮೇಲಿನ ಅಟ್ಟದಲ್ಲಿ ಅಕ್ಕಿ ಡಬ್ಬಿಯೊಳಗೆ ಇಟ್ಟರೂ ನಮ್ಮ ಮಳೆಯ ತೇವ ತಾತನ ಆ ಓಮೆಗಾ ವಾಚನ್ನು ಬಿಟ್ಟಿರಲಿಲ್ಲ, ಡಯಲ್ ಕಾಫಿ ಕಲೆಯ ಬಣ್ಣಕ್ಕೆ ತಿರುಗಿತ್ತು. ಹೊಸದರ ಹಾಗೆ ಮಾಡಿಸಿ ನಿನ್ನ ಕೈಗೆ ಕಟ್ಟಬೇಕು ಅಂತ ಆಸೆ. ಅವನು ಕಣ್ಣಿಗೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. 'ಅಕ್ಕಾ, ಕೆಳಗೆ ಸಣ್ಣಕ್ಷರದಲ್ಲಿ ಪಿ. ಓರ್ ಅಂಡ್ ಸನ್ಸ್, ಮದ್ರಾಸ್ ಅಂತ ಇದೆ. ಡಯಲ್ ಬಾಂಬೆಗೆ ಕಳಿಸಿ ಬಣ್ಣ ಹಾಕಿಸ್ತೀನಿ, ಆದರೆ ಆ ಹೆಸರಿಗೆ ಬೇರೆ ಅಚ್ಚು ಬೇಕು, ದುಡ್ಡು ಜಾಸ್ತಿ' ಅಂದ. ಹೊರಗೆ ಮಳೆ ಹೊಯ್ಯುತ್ತಿತ್ತು. 'ಅಂಗಡಿ ಹೆಸರು ತಾನೇ, ಬೇಡ ಬಿಡಿ' ಅಂದೆ. ಅವನು ಇನ್ನೊಮ್ಮೆ ಕೇಳಿದ. ಎರಡನೇ ಸಲವೂ ಬೇಡ ಅಂದೆ. ಕೊಡೆ ಬಿಚ್ಚುತ್ತಾ ಅಂದೆ, ಅವನ ಮುಖವನ್ನೂ ನೋಡದೆ.

ಇಷ್ಟು ವರ್ಷ ನೀನು ಅವನನ್ನು ಬೈಯುವಾಗೆಲ್ಲ ನಾನು ಸುಮ್ಮನಿದ್ದೆ. ಅದು ತಪ್ಪು. ಮೊದಲನೆಯದಕ್ಕಿಂತ ದೊಡ್ಡ ತಪ್ಪು.

ಅಂಗಡಿ ಹೆಸರು ಅಂದರೆ ಏನು ಅಂತ ನನಗೆ ಕಲಿಸಿದವಳೇ ನೀನು. 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೊಬ್ಬಿ ಮಿಲಾನೊ ಅಂತ ಇಟಲಿಯ ಅಂಗಡಿ ಹೆಸರಿದ್ದ ಪಾಟೆಕ್ ಫಿಲಿಪ್ ವಾಚು ಹರಾಜಿನಲ್ಲಿ ಸುಮಾರು 90 ಲಕ್ಷ ಡಾಲರಿಗೆ ಹೋಯಿತು, ಎರಡು ವರ್ಷ ಕಳೆದು ಟಿಫನಿ ಅಂತ ಅಮೆರಿಕದ ಅಂಗಡಿ ಹೆಸರಿನ 170 ವಾಚುಗಳಲ್ಲಿ ಒಂದು 65 ಲಕ್ಷ ಡಾಲರಿಗೆ ಹೋಯಿತು ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, ಆವತ್ತು ನನ್ನ ಕೈಯ ಸೌಟು ನಿಂತಿತು. ಬೆಲೆ ಕೇಳಿ ಅಲ್ಲ. ತಾತ ಮಿಲಿಟರಿಯಿಂದ ರಜೆಗೆ ಬರುವಾಗ ಮೌಂಟ್ ರೋಡಿನ ಆ ಗಡಿಯಾರ ಗೋಪುರದ ಅಂಗಡಿಗೆ ಹೋಗಿ, ಸಂಬಳ ಎಣಿಸಿ ಕೊಟ್ಟು ತಂದಿದ್ದು. ಅದನ್ನು ಹೇಳುವ ಒಂದು ಸಾಲು ಅವರ ಕೈ ಮೇಲಿತ್ತು. ರಸೀದಿ ಇಲ್ಲ, ಫೋಟೋ ಇಲ್ಲ.

ಈಗ ಇದೇ ಹೆಸರಿನ ವಾಚಿಗೆ ನಿನ್ನ ಉಳಿತಾಯವನ್ನೆಲ್ಲ ಸುರಿಯಲು ಹೊರಟಿದ್ದೀಯ. ನನಗೆ ಭಯ ಅಲ್ಲೇ. ಅಳಿಸೋದು ಅಷ್ಟು ಸುಲಭ ಆದಮೇಲೆ ಅಚ್ಚು ಹಾಕೋದು ಎಷ್ಟು ಹೊತ್ತು? ಹಳೇ ಡಯಲ್ಲಿನ ಮೆರುಗು ಬಿರುಕು ಬಿಟ್ಟಿದ್ದರೆ ಅಕ್ಷರವೂ ಅದರ ಜೊತೆ ಸೀಳಿರಬೇಕು, ಶಾಯಿ ಬಿರುಕಿನೊಳಗೆ ಇಳಿದಿದ್ದರೆ ಹೆಸರು ಆಮೇಲೆ ಬಂದದ್ದು ಅಂತ ನೀನೇ ಹೇಳಿಕೊಟ್ಟಿದ್ದೆ. ಕಂಪನಿ ಹೆಸರಿನ ಕಪ್ಪೂ ಅಂಗಡಿ ಹೆಸರಿನ ಕಪ್ಪೂ ಪಕ್ಕಪಕ್ಕ ಇಟ್ಟು ನೋಡು. ಫೋಟೋ ನಂಬಬೇಡ. ಸಾಲ ಮಾಡಬೇಡ. ಮಾರುವವನು ಆತುರ ಪಡಿಸಿದರೆ ಎದ್ದು ಬಾ. ನೋಡು, ಬುದ್ಧಿ ಹೇಳಬಾರದು ಅಂತ ಕೂತವಳು ಮತ್ತೆ ಶುರುಮಾಡಿದೆ. ವಯಸ್ಸಾದ ವ್ಯಾಪಾರಿಗಳೇ ನಿನ್ನ ಕೈಗೆ ಲೂಪ್ ಕೊಟ್ಟು 'ನೀನು ನೋಡಮ್ಮ' ಅಂತಾರಂತೆ, ನಿನ್ನ ಅಪ್ಪ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನೂ ಹೇಳಿದ್ದೇನೆ.

ಈ ಸಲದ ಮೆಣಸಿನ ದುಡ್ಡಲ್ಲಿ ನನ್ನ ಪಾಲು ಸೋಮವಾರ ನಿನ್ನ ಖಾತೆಗೆ ಬರುತ್ತೆ. ವಾಚಿಗೇ ಹಾಕು, ಬೇರೆ ಯಾವುದಕ್ಕೂ ಬೇಡ. ಆದರೆ ಕೊಡುವ ಮೊದಲು ಆ ಹೆಸರನ್ನು ಎರಡು ಸಲ ನೋಡು.

ಅಮ್ಮ