ಉಳುಕಿದ ಕಾಲನ್ನು ತಿಕ್ಕಿಸಬೇಡ

ಚಿ. ಸುಹಾಸನಿಗೆ ಮಾವನ ಆಶೀರ್ವಾದ.

ವಾಲಿಬಾಲ್ ಆಡುವಾಗ ಪಾದ ಒಳಕ್ಕೆ ಮಗುಚಿತು, ನಾಳೆ ಎಣ್ಣೆ ಹಾಕಿಸಿ ಉಳುಕು ತೆಗೆಸುತ್ತೇನೆ ಅಂದೆಯಂತೆ. ಬೇಡಪ್ಪ. ಅಲ್ಲಿ ನರ ಜಾರಿಲ್ಲ, ಕೂರಿಸುವಂಥದ್ದೇನೂ ಇಲ್ಲ. ಹೊರಗಿಣ್ಣಿನ (ಪಾದದ ಕೀಲಿನ ಹೊರಬದಿಗೆ ಉಬ್ಬಿರುವ ಮೂಳೆ) ಮುಂದೆ, ಮೂಳೆಗೆ ಮೂಳೆ ಕಟ್ಟಿರುವ ಲಿಗಮೆಂಟಿನ ಎಳೆಗಳು ಹರಿದಿರುತ್ತವೆ. ತಿಕ್ಕಿದರೆ, ಬಿಸಿನೀರಿನ ಶಾಖ ಕೊಟ್ಟರೆ ಒಳಗೆ ರಕ್ತ ಇನ್ನಷ್ಟು ಸೋರಿ ಬಾವು ಏರುತ್ತದೆ. ಮೊದಲ 3 ದಿನ ಎರಡೂ ಕೂಡದು.

ಮೂಳೆ ಮುರಿದಿದೆಯೇ ಅಂತ ಮೊದಲು ನೋಡು. ಆ ಕಾಲಿನ ಒಳಗಿಣ್ಣು, ಹೊರಗಿಣ್ಣು ಎರಡರ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ. ತನಕ ಬೆರಳಲ್ಲಿ ಒತ್ತು. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆ, ಒಳಬದಿಯಲ್ಲಿ ಕಮಾನಿನ ಮೇಲಿನ ಮೂಳೆಯನ್ನೂ ಒತ್ತು. ಮೂಳೆಯ ಮೇಲೇ ನೋವಿದ್ದರೆ, ಇಲ್ಲವೇ ಕುಂಟುತ್ತಲಾದರೂ 4 ಹೆಜ್ಜೆ ಇಡಲಾಗದಿದ್ದರೆ, ಅದೇ ದಿನ ಎಕ್ಸ್‌ರೇ ತೆಗೆಸು.

ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡು, 2-3 ಗಂಟೆಗೊಮ್ಮೆ. ಅದು ನೋವು ತಗ್ಗಿಸುತ್ತದೆ, ಹರಿದದ್ದನ್ನು ಕೂಡಿಸುವುದಿಲ್ಲ. ಕ್ರೇಪ್ ಬ್ಯಾಂಡೇಜು ಕಟ್ಟುವಲ್ಲೇ ಎಲ್ಲರೂ ಎಡವುವುದು: ಗಿಣ್ಣಿನ ಸುತ್ತ ಮಾತ್ರ ಬಿಗಿದರೆ ಪಾದ ಊದಿಕೊಳ್ಳುತ್ತದೆ. 4 ಇಂಚಿನದು ತಗೋ, ಬೆರಳುಗಳ ಬುಡದಿಂದ ಶುರು ಮಾಡು, ಪಾದ ಕಾಲಿಗೆ ಲಂಬವಾಗಿರಲಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ, ಗಿಣ್ಣಿನ ಹತ್ತಿರ ಇಂಗ್ಲಿಷಿನ 8ರ ಹಾಗೆ ಅಡ್ಡ ಹಾಯಿಸಿ ಮೀನಖಂಡದ ಕೆಳಗೆ ಮುಗಿಸು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚು. ರಾತ್ರಿ ಬಿಚ್ಚಿಟ್ಟು, ಕಾಲನ್ನು ದಿಂಬಿನ ಮೇಲಿಟ್ಟು ಮಲಗು.

ಹಾಗಂತ ವಾರಗಟ್ಟಲೆ ಮಂಚ ಹಿಡಿಯಬೇಡ, ಕೀಲು ಬಿಗಿದುಕೊಳ್ಳುತ್ತದೆ. 2-3 ದಿನ ಕಳೆದ ಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆ. ನೋವು ತಾಳುವಷ್ಟು ನಡೆ. ಆಮೇಲೆ ಗೋಡೆ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲು, ಸಲೀಸಾದರೆ ಕಣ್ಣು ಮುಚ್ಚಿ. ಇದನ್ನೇ ಎಲ್ಲರೂ ಬಿಟ್ಟುಬಿಡುವುದು. ಪಾದ ವಾಲಿದ್ದನ್ನು ಮೆದುಳಿಗೆ ತಿಳಿಸುವ ಶಕ್ತಿ ಲಿಗಮೆಂಟಿನ ಜೊತೆಗೇ ಕುಂದಿರುತ್ತದೆ. ಅದು ಮರಳದೆ ಅಂಗಳಕ್ಕಿಳಿದರೆ ಅದೇ ಕಾಲು ಮತ್ತೆ ಮಗುಚುತ್ತದೆ.

ಮುಂದೆ ಎಂದಾದರೂ ಆಡುವಾಗ ತೊಡೆಯ ಹಿಂದೆ ಹಿಡಿದುಕೊಂಡರೆ ಅದು ಉಳುಕಲ್ಲ, ಮಾಂಸಖಂಡದ ಎಳೆತ. ಆರಂಭದ ಉಪಚಾರ ಇದೇ, ಆದರೆ ಮೊದಲ ದಿನಗಳಲ್ಲಿ ಬಲವಾಗಿ ಚಾಚಿ ಎಳೆಯಬೇಡ. ಫಟ್ಟೆಂದು ಸದ್ದಾಗಿ ಅಲ್ಲಿ ಗುಳಿ ಬಿದ್ದಿದ್ದರೆ ವೈದ್ಯರ ಬಳಿ ಹೋಗು.

ಉಳುಕಿದ ಕಾಲೊಂದರ ಮೇಲೇ ಹತ್ತಾರು ಸಲ ನೋವಿಲ್ಲದೆ ಕುಪ್ಪಳಿಸುವ ತನಕ ನೆಟ್ ಹತ್ತಿರ ಸುಳಿಯಬೇಡ. ಆಮೇಲೂ ಕೆಲವು ತಿಂಗಳು ಆಡುವಾಗ ಗಿಣ್ಣಿಗೆ ಆಸರೆ ಕೊಡುವ, ಲೇಸ್ ಇರುವ ಆಂಕಲ್ ಬ್ರೇಸ್ ಹಾಕಿಕೋ.

ಇಂತಿ,
ನಿನ್ನ ಮಾವ